ಮಾಳಿಗೆ ಮನೆಗಳ ಶಾಖ ನಿಯಂತ್ರಣ: ಧಾರವಾಡ ಜಿಲ್ಲೆಯ ಗ್ರಾಮೀಣ ಪ್ರದೇಶ

ಒಂದೇ ಸ್ಥಾವರದಲ್ಲಿ ಹಬೆಯನ್ನೋ ತಣ್ಣೀರನ್ನೋ ಸಿದ್ಧಪಡಿಸಿ, ನೆಲದೊಳಗಿನ ಕೊಳವೆಗಳ ಮೂಲಕ ಊರಿನ ಅನೇಕ ಕಟ್ಟಡಗಳಿಗೆ ಹಂಚುವ ಪದ್ಧತಿಯು 1877ರಲ್ಲಿ ಅಮೆರಿಕದ ಲಾಕ್‌ಪೋರ್ಟ್‌ನಲ್ಲಿ ಬರ್ಡ್‌ಸಿಲ್ ಹಾಲಿಯಿಂದ ವಾಣಿಜ್ಯ ರೂಪ ಪಡೆಯಿತು. ಭಾರತದಲ್ಲಿ ಇಂಥ ಸಾಮೂಹಿಕ ತಂಪು ವ್ಯವಸ್ಥೆಗೆ ಗುಜರಾತಿನ ಗಿಫ್ಟ್ ಸಿಟಿ ಮೊದಲ ನಿದರ್ಶನಗಳಲ್ಲೊಂದು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಅಂಥ ಸ್ಥಾವರ ಇಲ್ಲದಿದ್ದರೂ, ಬಿಸಿಲನ್ನೂ ಚಳಿಯನ್ನೂ ನೆರೆಹೊರೆ ಕೂಡಿಯೇ ಎದುರಿಸುವ ವ್ಯವಸ್ಥೆಯೊಂದು ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಮಣ್ಣಿನ ಮಾಳಿಗೆ ಮನೆಗಳಲ್ಲಿ ರೂಪುಗೊಂಡಿತ್ತು.

ಎರೆಭೂಮಿಯ ಈ ಬಯಲಿನಲ್ಲಿ ಗಿಡಮರಗಳ ನೆರಳು ಕಡಿಮೆ. ಏಪ್ರಿಲ್‌ನಲ್ಲಿ ಹಗಲಿನ ತಾಪ 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಒಂದೂವರೆ-ಎರಡು ಅಡಿ ದಪ್ಪದ ಮಣ್ಣಿನ ಗೋಡೆಯು ಹಗಲಿನ ಕಾವನ್ನು ಹೀರಿಕೊಂಡು, ಹಲವು ತಾಸುಗಳ ಬಳಿಕವಷ್ಟೇ ಒಳಗೆ ಬಿಡುವುದರಿಂದ ಮಧ್ಯಾಹ್ನದ ಹೊತ್ತು ಪಡಸಾಲೆ ತಂಪಾಗಿರುತ್ತದೆ, ಚಳಿಗಾಲದ ರಾತ್ರಿ ಬೆಚ್ಚಗಿರುತ್ತದೆ. ಅಕ್ಕಪಕ್ಕದ ಮನೆಗಳು ಒಂದೇ ಗೋಡೆಯನ್ನು, ಎಂದರೆ ಸಾಮಾಯಿಕ ಗೋಡೆಯನ್ನು, ಹಂಚಿಕೊಂಡಾಗ ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆಯಾಗುತ್ತದೆ. ಇಕ್ಕಟ್ಟಾದ ಓಣಿಗೆ ಸ್ಥಳದ ಉಳಿತಾಯವೊಂದನ್ನೇ ಕಾರಣವಾಗಿ ಕಾಣುವುದು ಆ ಕಟ್ಟಡಗಾರರ ತಿಳಿವಳಿಕೆಗೆ ಅನ್ಯಾಯ ಮಾಡಿದಂತೆ.

ವ್ಯವಸ್ಥೆಯ ಜೀವಾಳ ಮಾಳಿಗೆ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ಚಕ್ಕೆ ಮತ್ತು ಸೊಪ್ಪು ಹಾಸಿ ಮಣ್ಣು ತುಂಬಿ, ಕೊನೆಗೆ ನೀರು ಸುಲಭವಾಗಿ ಇಳಿಯಗೊಡದ ಸವುಳು ಮಣ್ಣಿನ ಪದರವನ್ನು ಬಡಿದು ಕೂಡಿಸಲಾಗುತ್ತಿತ್ತು. ಮೇಲ್ಮುದ್ದೆ ಎನ್ನಲಾಗುವ ಈ ಪದರವನ್ನು ಮಳೆಗಾಲಕ್ಕೆ ಮುನ್ನ ಸರಿಪಡಿಸದಿದ್ದರೆ ಮನೆ ಸೋರುತ್ತಿತ್ತು. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬೆಳಕು ಒಳಬಂದರೆ, ಒಲೆಯ ಹೊಗೆಯೂ ಮೇಲೇರಿದ ಬಿಸಿಗಾಳಿಯೂ ಅಲ್ಲಿಂದಲೇ ಹೊರಹೋಗುತ್ತಿದ್ದವು. ಮಳೆ ಬಂತೆಂದರೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಬೇಕಿತ್ತು. ಮನೆಯೊಳಗೆ ತಗ್ಗಿನ ಅಂಕಣದಲ್ಲಿ, ಅಂದರೆ ಕಂಬಸಾಲುಗಳ ನಡುವಿನ ಭಾಗದಲ್ಲಿ, ಕಟ್ಟಿದ ದನಗಳ ಮೈಗಾವು ಚಳಿಗಾಲಕ್ಕೆ ಒದಗುತ್ತಿತ್ತು.

ಇದೇ ಜಿಲ್ಲೆಯ, ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಮಳೆ ಹೆಚ್ಚಾದ್ದರಿಂದ ಇಳಿಜಾರು ಹೆಂಚಿನ ಮಾಡೇ ರೂಢಿ. 1860ರ ದಶಕದಲ್ಲಿ ಬಾಸೆಲ್ ಮಿಶನ್ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚು, ರೈಲು ಬಂದ ಮೇಲೆ ಒಳನಾಡಿಗೆ ಸುಲಭವಾಗಿ ತಲುಪಿತು. ಬಳಿಕ ಪತ್ರಾಸ, ಆರ್‌ಸಿಸಿ ಸ್ಲ್ಯಾಬ್‌ಗಳು ಬಂದವು. ತೆಳುವಾದ ಸ್ಲ್ಯಾಬ್ ಹಗಲಿನ ಕಾವನ್ನು ಸಂಜೆಗೇ ಒಳಗಿಳಿಸುವುದರಿಂದ ಫ್ಯಾನು, ಕೂಲರುಗಳು ಅನಿವಾರ್ಯವಾದವು.

ಮಣ್ಣಿನ ಮನೆಯ ದೌರ್ಬಲ್ಯವೂ ನಿಜವೇ. 2019ರ ಆಗಸ್ಟ್‌ನ ಸತತ ಮಳೆ ಮತ್ತು ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಪ್ರವಾಹದಲ್ಲಿ ಗೋಡೆಗಳು ನೆನೆದು ಅನೇಕ ಮನೆಗಳು ಕುಸಿದವು. ಪೂರ್ಣ ಹಾನಿಗೊಂಡ ಮನೆಗಳಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ವಸತಿ ಯೋಜನೆಯ ಲೆಕ್ಕದಲ್ಲಿ ಮಣ್ಣಿನ ಗೋಡೆ-ಮಾಳಿಗೆಗಳು ಕಚ್ಚಾ ಮನೆಯ ಲಕ್ಷಣಗಳು; ಒಳಗಿನ ತಂಪು ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಕುಸಿದ ಮನೆಗಳ ಜಾಗದಲ್ಲಿ ಎದ್ದವುಗಳಲ್ಲಿ ಸಿಮೆಂಟಿನವೇ ಹೆಚ್ಚು.