ಎಣಿಸಿದವರು ಯಾರು?

ಭಾಲ್ಕಿಯ ನಿವೃತ್ತ ಪಿ.ಟಿ. ಮಾಸ್ತರರೊಬ್ಬರು ಚಹಾ ಕುಡಿಯುತ್ತ ಕೇಳಿದ್ದರು: "ಕ್ರಿಕೆಟ್ ಕಾಮೆಂಟ್ರಿ ಹೇಳೋರ ಹೆಸರು ಹತ್ತು ಹೇಳ್ತೀನ್ರಿ. ಬಾಸ್ಕೆಟ್‌ಬಾಲ್‌ದಾಗ ಹಂಗ ಹೆಸರು ಮಾಡ್ದೋರು ಯಾರ್ರೀ?"

ನನಗೆ ನೆನಪಾದ ಹೆಸರು ಬಹಳ ದೂರದ್ದು. ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದ ವೀಕ್ಷಕ ವಿವರಣೆಗಾರ ಚಿಕ್ ಹರ್ನ್. "ಒಂದೂ ತಪ್ಪಿಸದೆ ಸತತ 3,338 ಪಂದ್ಯ ಹೇಳಿದಾರ್ರೀ," ಅಂದೆ. ಮಾಸ್ತರರು ಬಸಿ ಕೆಳಗಿಟ್ಟರು. "ಎಣಿಸ್ದೋರು ಯಾರು?"

ಆ ಪ್ರಶ್ನೆ ನನ್ನ ಜೊತೆ ಬೀದರಿನ ಬಸ್ಸು ಹತ್ತಿತು.

ಮೊದಲು ಅಂಕಿಯನ್ನೇ ತಾಳೆ ನೋಡಿದೆ. ಹರ್ನ್ ಲೇಕರ್ಸ್‌ಗೆ ಮಾತಾಡಲು ಶುರು ಮಾಡಿದ್ದು 1961ರಲ್ಲಿ. 1965ರ ನವೆಂಬರ್ 20ರಂದು ಅವರಿಗೊಂದು ಪಂದ್ಯ ತಪ್ಪಿತು. ಆರ್ಕನ್ಸಾದಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ ಮುಗಿಸಿಕೊಂಡು ಹೊರಡಬೇಕಾದವರನ್ನು ಕೆಟ್ಟ ಹವೆ ಅಲ್ಲೇ ಕೂರಿಸಿತ್ತು. ಮರುದಿನದಿಂದ ಆರಂಭವಾದ ಸರಣಿ ನಿಂತದ್ದು 2001ರ ಡಿಸೆಂಬರ್‌ನಲ್ಲಿ, ಹೃದಯದ ಕವಾಟದ ಶಸ್ತ್ರಚಿಕಿತ್ಸೆಗೆ. ನಡುವೆ 36 ವರ್ಷ. ಲೇಕರ್ಸ್ ಆಡುವ ಎನ್‌ಬಿಎ ಲೀಗಿನಲ್ಲಿ ಋತುವೊಂದಕ್ಕೆ ಹೆಚ್ಚುಕಡಿಮೆ 82 ಪಂದ್ಯ. 1999ರಲ್ಲಿ ಮಾಲೀಕರು-ಆಟಗಾರರ ಜಗಳದಿಂದ 50 ಮಾತ್ರ. ಕೂಡಿಸಿ ಕಳೆದರೆ ಸಾಮಾನ್ಯ ಪಂದ್ಯಗಳೇ 2,900 ದಾಟುತ್ತವೆ. ಬಾಕಿ ನಾನೂರು ಚಿಲ್ಲರೆ ಋತುವಿನ ಕೊನೆಯ ಪ್ಲೇಆಫ್ ಸುತ್ತಿನವು. ಲೆಕ್ಕ ಕೂಡಿತು. ಅಲ್ಲಿ ಪ್ರತಿ ಪಂದ್ಯಕ್ಕೂ ಅಂಕಪಟ್ಟಿ ಇದೆ, ಪತ್ರಿಕೆಯ ವರದಿ ಇದೆ. ಎಣಿಸುವವರಿಗೆ ಬರವಿಲ್ಲ.

ಎಣಿಕೆಗಿಂತ ನನ್ನನ್ನು ಹಿಡಿದದ್ದು ಆ ಮನುಷ್ಯನ ಕಸುಬು. ಬಹಳ ಕಾಲ ಅವರ ಒಂದೇ ಮಾತು ರೇಡಿಯೋಗೂ ಟಿವಿಗೂ ಒಟ್ಟಿಗೆ ಹೋಗುತ್ತಿತ್ತು. ಟಿವಿ ಮುಂದೆ ಕೂತವನಿಗೆ ಕಣ್ಣಿದೆ, ರೇಡಿಯೋದವನಿಗಿಲ್ಲ. ಹರ್ನ್ ಇಬ್ಬರಲ್ಲಿ ಕಾಣದವನನ್ನೇ ಆರಿಸಿಕೊಂಡು ಮಾತಾಡಿದರು. 24 ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕಾದ ಆಟ ಅದು. ನಾಲಿಗೆ ತಡವರಿಸುವಷ್ಟರಲ್ಲಿ ಬುಟ್ಟಿ ತುಂಬಿರುತ್ತದೆ. ಗೆಲುವು ಖಚಿತವಾದಾಗ ಪಂದ್ಯವನ್ನು ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿ, ಒಳಗೆ ಬೆಣ್ಣೆ ಗಟ್ಟಿಯಾಗುತ್ತಿದೆ ಎನ್ನುತ್ತಿದ್ದರು. ಜಿಗಿದು ಚೆಂಡನ್ನು ಬುಟ್ಟಿಯೊಳಗೆ ತುರುಕುವುದಕ್ಕೆ 'ಸ್ಲ್ಯಾಮ್ ಡಂಕ್' ಎಂಬ ಮಾತು ಚಾಲ್ತಿಗೆ ಬಂದದ್ದು ಅವರ ಬಾಯಿಂದ. ಇವತ್ತು ಬೀದರಿನ ಹುಡುಗರೂ ಅದನ್ನು ಕೂಗುತ್ತಾರೆ, ಯಾರ ಮಾತೆಂದು ತಿಳಿಯದೆ. ಹರ್ನ್ 2002ರ ಆಗಸ್ಟ್ 5ರಂದು ತೀರಿಕೊಂಡರು. ಮರುವರ್ಷ ನೈಸ್ಮಿತ್ ಹೆಸರಿನ ಬಾಸ್ಕೆಟ್‌ಬಾಲ್ ಕೀರ್ತಿಮಂದಿರ ಅವರನ್ನು ಸೇರಿಸಿಕೊಂಡಿತು.

ಇನ್ನು ನಮ್ಮ ಕಡೆಯ ದನಿಗಳ ಲೆಕ್ಕ. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಿಗೆ ರೇಡಿಯೋ ಎಂದರೆ ಮೊದಲು ಹೈದರಾಬಾದ್. 1935ರಲ್ಲಿ ಕನ್ನಡದ ಕಿವಿಗೆ ಎರಡು ಬಾಗಿಲು ತೆರೆದವು: ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಹೂಡಿದ 'ಆಕಾಶವಾಣಿ' ಒಂದು, ನಿಜಾಮ ಸರ್ಕಾರದ ಡೆಕ್ಕನ್ ರೇಡಿಯೋ ಇನ್ನೊಂದು. ಎರಡನೆಯದು ಉರ್ದು, ತೆಲುಗು, ಮರಾಠಿಯ ಜೊತೆ ಕನ್ನಡಕ್ಕೂ ಜಾಗ ಕೊಟ್ಟಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಭಾರತದ ಸೇನೆಯೆದುರು ಕದನವಿರಾಮ ಸಾರಿದ್ದೂ ಆ ರೇಡಿಯೋದಲ್ಲೇ. 1950ರ ಏಪ್ರಿಲ್ 1ರಂದು ಆ ಕೇಂದ್ರ ಆಲ್ ಇಂಡಿಯಾ ರೇಡಿಯೋದ ತೆಕ್ಕೆಗೆ ಹೋಯಿತು.

ಅಲ್ಲಿ ಮಾತಾಡಿದವರನ್ನು ಹುಡುಕಹೊರಟರೆ, ನಿಜಾಮರ ಕಾಲದ ಕಡತಗಳಿರುವುದು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ, ಬಹುಪಾಲು ಫಾರಸಿ, ಉರ್ದುವಿನಲ್ಲಿ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ. ಉದಗೀರ್, ನಿಲಂಗಾ, ಅಹ್ಮದ್‌ಪುರ ಮುಂಬಯಿಗೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಜಿಲ್ಲೆಯನ್ನು ಹಂಚಬಹುದು, ಮೀಡಿಯಂ ವೇವ್ ಅಲೆಯನ್ನು ಹಂಚಲಾಗದು. 1966ರಲ್ಲಿ ಕಲಬುರಗಿ ಕೇಂದ್ರ ಶುರುವಾಗುವ ತನಕ ಬೀದರಿಗೆ ಹತ್ತಿರದ ದನಿ ಹೈದರಾಬಾದಿನದೇ. ಕತ್ತಲಾದ ಮೇಲೆ ಮೇಲಿನ ವಾಯುಮಂಡಲಕ್ಕೆ ತಾಗಿ ಅಲೆ ತಿರುಗಿ ಬರುತ್ತದೆ. ದೂರದ ಕೇಂದ್ರಗಳೂ ಔರಾದಿನ ಹೊಲದ ಮನೆಗೆ ಗರಗರ ಎನ್ನುತ್ತ ಇಳಿಯುತ್ತಿದ್ದವು.

ಹೀಗೆ ಹೇಳಿದವರ ಜಾಡು ಮೂರು ರಾಜ್ಯದಲ್ಲಿ ಚದುರಿರುವಾಗ ಕೇಳಿದವರ ಜಾಡು ಭಾಲ್ಕಿಯ ಒಂದು ಮನೆಯ ಸಂದೂಕದಲ್ಲಿತ್ತು. ಮಾಸ್ತರರೇ ಕರೆದುಕೊಂಡು ಹೋದರು. ಆ ಮನೆಯ ಅಜ್ಜಿ ಮೇಲಿನ ಜಮಖಾನೆ ಸರಿಸಿ, ಹೊಲದ ಪಹಣಿಗಳ ನಡುವಿಂದ ಅಂಗೈಯಗಲದ ಪುಸ್ತಕವೊಂದನ್ನು ತೆಗೆದರು. ರೇಡಿಯೋ ಲೈಸೆನ್ಸ್ ಬುಕ್. ಇವತ್ತಿನವರಿಗೆ ನಂಬಿಕೆಯಾಗದು: 1980ರ ದಶಕದ ನಡುವಿನ ತನಕ ರೇಡಿಯೋ ಕೇಳಲು ಸರ್ಕಾರದ ಪರವಾನಗಿ ಬೇಕಿತ್ತು. ಪ್ರತಿ ವರ್ಷ ಪೋಸ್ಟಾಫೀಸಿಗೆ ಹೋಗಿ 15 ರೂಪಾಯಿ ಕಟ್ಟಬೇಕು. ಅಲ್ಲಿಯವರು ಲೈಸೆನ್ಸಿನ ಸ್ಟಾಂಪು ಅಂಟಿಸಿ ಮೇಲೆ ಠಸ್ಸೆ ಒತ್ತುತ್ತಿದ್ದರು.

ಪುಟ ತಿರುವುತ್ತ ನನಗೆ ಹೊಳೆಯಿತು. ಲಾಸ್ ಏಂಜಲೀಸ್‌ನಲ್ಲಿ ಎಣಿಸಿದ್ದು ಹೇಳಿದವನನ್ನು. ನಮ್ಮಲ್ಲಿ ಠಸ್ಸೆ ಒತ್ತಿ ಎಣಿಸಿದ್ದು ಕೇಳಿದವರನ್ನು. ಕನ್ನಡದಲ್ಲಿ ಕಾಮೆಂಟ್ರಿಗೆ 'ವೀಕ್ಷಕ ವಿವರಣೆ' ಅನ್ನುತ್ತೇವೆ. ಕಂಡವನು ಕಾಣದವರಿಗೆ ಹೇಳುವುದು. ಬೀದರಿನ ನಡುಪೇಟೆಯ ಚೌಬಾರಾ ಗೋಪುರದ ಮೇಲೆ ನಿಂತ ಕಾವಲುಗಾರನ ಕೆಲಸವೂ ಹಿಂದೆ ಅದೇ ಆಗಿತ್ತು. ಅವನು ಕಂಡದ್ದು ಕೆಳಗಿನವರಿಗೆ ಮುಟ್ಟಿದರಷ್ಟೇ ಆ ಎತ್ತರಕ್ಕೆ ಬೆಲೆ. ಮಾತಾಡಿದವನ ಬಾಳನ್ನು ಬರೆಯಹೊರಟವನು ಕೇಳಿದವರ ಸಂದೂಕವನ್ನೂ ತೆಗೆಯಬೇಕು.

"ಇದರಾಗ ಏನೇನು ಕೇಳ್ತಿದ್ರಿ ಅಮ್ಮಾ?" ಎಂದೆ.

"ಬಾತ್ಮಿ, ಭಜನಿ. ನಮ್ಮ ಮನಿಯವರು ಇದ್ದಾಗ ಆಟದ್ದು. ನಮಗ ಆಟ ತಿಳೀತಿದ್ದಿಲ್ಲ. ಹೇಳೋನ ದನಿ ಏರಿತಂದ್ರ ನಾವೂ ಒಲಿ ಬಿಟ್ಟು ಬರ್ತಿದ್ವಿ."

ಮಾಸ್ತರರು ಆಗಲೇ ಪುಸ್ತಕ ಎಳೆದುಕೊಂಡು ಬೆರಳಿಟ್ಟು ಸ್ಟಾಂಪು ಎಣಿಸತೊಡಗಿದ್ದರು. ನಡುವೆ ಬೆರಳು ನಿಂತಿತು. "ಇಲ್ಲೊಂದು ವರ್ಷ ಖಾಲಿ ಅದ. ಎಪ್ಪತ್ತೆರಡು."

ಅಜ್ಜಿ ಕನ್ನಡಕ ತೆಗೆಯಲಿಲ್ಲ, ಪುಸ್ತಕದ ಕಡೆ ನೋಡಲೂ ಇಲ್ಲ. "ಬರ ಬಿದ್ದಿತ್ತಲ್ಲಪ್ಪಾ. ಹದಿನೈದು ರೂಪಾಯಿಗಿ ಜ್ವಾಳ ತಂದ್ವಿ."