ಕರೆಂಟ್ ರೈಲಲ್ಲಿ ಓಡಾಡಿದ್ರೆ ಆರೋಗ್ಯಕ್ಕೆ ತೊಂದರೆನಾ? ಇಲ್ಲಿದೆ ಮಾಹಿತಿ

ರೈಲು ಹಳಿ ಮೇಲಿನ ತಂತಿಯಲ್ಲಿರೋದು 25,000 ವೋಲ್ಟ್. ನಮ್ಮ ಮನೆ, ಅಂಗಡಿಗೆ ಬರೋದು 230. ಹಾಗಾದ್ರೆ ಆ ತಂತಿ ಕೆಳಗೆ ದಿನಾ ಪ್ರಯಾಣ ಮಾಡೋರ ಗತಿ ಏನು?

ಕರೆಂಟ್ ಹರಿಯೋ ಕಡೆಯೆಲ್ಲ ಕಾಂತಕ್ಷೇತ್ರ ಇರುತ್ತೆ, ದೂರ ಹೋದಂತೆ ಕಡಿಮೆಯಾಗುತ್ತೆ. ಅಂತಾರಾಷ್ಟ್ರೀಯ ಸಂಸ್ಥೆ ಐಸಿಎನ್‌ಐಆರ್‌ಪಿ 2010ರಲ್ಲಿ ಸಾರ್ವಜನಿಕರಿಗೆ 200 ಮೈಕ್ರೋಟೆಸ್ಲಾ ಮಿತಿ ಇಟ್ಟಿದೆ. ಬೋಗಿಯೊಳಗೆ ಸಾಮಾನ್ಯವಾಗಿ ಇರೋದು ಇದಕ್ಕಿಂತ ತುಂಬಾ ಕಡಿಮೆ. ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ.

ನಿಜವಾದ ಅಪಾಯ ಇರೋದು ಬೋಗಿ ಮೇಲೆ. ತಂತಿ ಮುಟ್ಟಲೇಬೇಕಂತಿಲ್ಲ, ತೀರಾ ಹತ್ತಿರ ಹೋದ್ರೂ ಕರೆಂಟ್ ಹಾರಿ ಹೊಡೆಯುತ್ತೆ. ಸೆಲ್ಫಿಗೆಂದು ನಿಂತಿರೋ ಗೂಡ್ಸ್ ರೈಲು ಹತ್ತಬೇಡಿ. ಪ್ಲಾಟ್‌ಫಾರಂನಲ್ಲಿ ಕಬ್ಬಿಣದ ಪೈಪ್, ಉದ್ದದ ಕೋಲು ಮೇಲೆತ್ತಿ ಹಿಡಿಯಬೇಡಿ. ತಂತಿ ತುಂಡಾಗಿ ಬಿದ್ದಿದ್ರೆ ದೂರ ಸರಿದು ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.