ತೋಡಿನ ಬದಿಯ ಮನೆಗಳು

ಸುಳ್ಯದ ನಮ್ಮ ಬೈಲಿನಲ್ಲಿ ತೋಡಿನ (ಸಣ್ಣ ಹಳ್ಳದ) ಬದಿಗೊಂದು ಮನೆ, ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡೆ. ಆಚೆಮನೆಗೆ ಕೂಗಿದರೆ ಕೇಳಿಸುವಷ್ಟು ದೂರ.

ಹಿಂದೆ ನಮ್ಮ ಬೈಲೂ ಸೇರಿದ್ದ ಅಮರ ಸುಳ್ಯ ಮಾಗಣೆ (ಹಲವು ಊರುಗಳ ಕಂದಾಯ ವಿಭಾಗ) ಕೊಡಗಿನ ಅರಸರದಾಗಿತ್ತು. ರೈತರು ಕಂದಾಯವನ್ನು ಬೆಳೆಯಲ್ಲೇ ಸಲ್ಲಿಸುತ್ತಿದ್ದರು. 1834ರಲ್ಲಿ ಕೊಡಗನ್ನು ಕಿತ್ತುಕೊಂಡ ಬ್ರಿಟಿಷರು ಈ ಸೀಮೆಯನ್ನು ಕೆನರಾಕ್ಕೆ ಸೇರಿಸಿ ನಗದು ಕೇಳಿದರು. ಪೇಟೆ ದೂರ, ದಾರಿಯೆಲ್ಲ ಕಾಡು, ನಾಣ್ಯ ತರುವುದೆಲ್ಲಿಂದ? 1837ರಲ್ಲಿ ಬಂಡೆದ್ದವರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು ಮಂಗಳೂರಿನವರೆಗೂ ಹೋದರು.

ಅಜ್ಜನ ಜೊತೆ ನಾನೂ ತೋಡಿಗೆ ನೀರು ತಡೆಯುವ ಕಟ್ಟ ಹಾಕಿದ್ದೇನೆ. ಬಿಡಿ ಮನೆಗಳ ಜನ ಒಂದಾಗುವುದು ಆ ಕೆಲಸಕ್ಕೆ. ಅಂದು ಬಂಡೆದ್ದವರು ಅನ್ಯಾಯಕ್ಕೂ ಹಾಗೆಯೇ ಕೈಜೋಡಿಸಿ ಕಟ್ಟ ಹಾಕಿದ್ದರು.